ಬಾಡಿಗೆ ಬಾಕಿ ಉಳಿಸಿಕೊಂಡ ಸ್ಪೈಡರ್‌ಮ್ಯಾನ್

ಮುಂದೆ ಸ್ಪೈಡರ್‌ಮ್ಯಾನ್ ಆಗುವ ಪೀಟರ್ ಪಾರ್ಕರ್ ಮೊದಲ ಸಲ ಮುಖವಾಡ ಹಾಕಿಕೊಂಡದ್ದು ಲೋಕವನ್ನು ಉದ್ಧಾರ ಮಾಡಲಿಕ್ಕಲ್ಲ, 3,000 ಡಾಲರ್‌ಗಾಗಿ. ಪತ್ರಿಕೆಯಲ್ಲಿ ಕುಸ್ತಿಯ ಜಾಹೀರಾತು ಬಂದಿರುತ್ತದೆ. ಅಖಾಡದಲ್ಲಿ ಮೂರು ನಿಮಿಷ ನಿಂತವರಿಗೆ ಮೂರು ಸಾವಿರ. ಆ ಹಣದಲ್ಲಿ ಒಂದು ಕಾರು ಕೊಂಡು ಪಕ್ಕದ ಮನೆಯ ಮೇರಿ ಜೇನ್‌ಳ ಎದುರು ತಂದು ನಿಲ್ಲಿಸಬೇಕೆಂಬುದು ಹುಡುಗನ ಲೆಕ್ಕ. ಅವನು ಎರಡೇ ನಿಮಿಷಕ್ಕೆ ಎದುರಾಳಿ ಪೈಲ್ವಾನನನ್ನು ಚಿತ್ ಮಾಡುತ್ತಾನೆ. ಪಂದ್ಯ ನಡೆಸುವ ಮನುಷ್ಯ, ಮೂರು ಸಾವಿರ ಇದ್ದದ್ದು ಮೂರು ನಿಮಿಷಕ್ಕಲ್ಲವೇ, ನೀನು ಎರಡಕ್ಕೇ ಮುಗಿಸಿದೆಯಲ್ಲ ಎಂದು 100 ಡಾಲರ್ ಕೈಗಿಟ್ಟು ಸಾಗಹಾಕುತ್ತಾನೆ. ಆ ಸಿಟ್ಟಿನಲ್ಲಿ ಪೀಟರ್, ಅದೇ ಮನುಷ್ಯನ ಹಣ ದೋಚಿಕೊಂಡು ಓಡುತ್ತಿದ್ದ ಕಳ್ಳನಿಗೆ ಸುಮ್ಮನೆ ದಾರಿ ಬಿಡುತ್ತಾನೆ. ಅದರ ಬೆನ್ನಿಗೇ ಅವನ ಬೆನ್ ಕಾಕಾ ಅದೇ ಕಳ್ಳನ ಗುಂಡೇಟು ತಿಂದು ರಸ್ತೆಯಲ್ಲಿ ಬಿದ್ದಿರುತ್ತಾರೆ.

ಶಕ್ತಿ ಬಂದರೆ ಹೊಣೆಯೂ ಬರುತ್ತದೆ ಎಂಬ ಕಾಕಾನ ಬುದ್ಧಿಮಾತು ಈಗ ಮಕ್ಕಳ ಬಾಯಲ್ಲೂ ಇದೆ. ಆ ನೂರು ಡಾಲರಿನ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಸ್ಯಾಮ್ ರೈಮಿ ನಿರ್ದೇಶಿಸಿದ ಮೂರು ಸ್ಪೈಡರ್‌ಮ್ಯಾನ್ ಚಿತ್ರಗಳು ಬಂದದ್ದು 2002, 2004 ಮತ್ತು 2007ರಲ್ಲಿ. ಈ ಮಳೆಗಾಲದಲ್ಲಿ ಅವನ್ನು ಒಂದರ ಹಿಂದೆ ಒಂದರಂತೆ ಮತ್ತೆ ನೋಡಿದ ಮೇಲೆ ನನಗೆ ಕಂಡದ್ದು ಇಷ್ಟು: ಈ ಚಿತ್ರಗಳು ಹಾರುವುದರ ಬಗ್ಗೆ, ಹೊಡೆದಾಡುವುದರ ಬಗ್ಗೆ ಎಷ್ಟು ಯೋಚಿಸಿವೆಯೋ ಅದಕ್ಕಿಂತ ಹೆಚ್ಚಾಗಿ ಕಿಸೆ ಖಾಲಿ ಇರುವವನ ಸಂಕೋಚದ ಬಗ್ಗೆ ಯೋಚಿಸಿವೆ. ಸಾಲದ ಎದುರು ಮುಖ ತಗ್ಗಿಸುವುದು, ಇಲ್ಲದ್ದನ್ನು ಇದೆ ಎಂದು ತೋರಿಸುವುದು, ಕೊಟ್ಟವರ ಮುಂದೆ ಕೈ ಚಾಚಲಾರದೆ ಚಾಚುವುದು. ಇಷ್ಟು ವರ್ಷಗಳ ಮೇಲೂ ಅವು ಹಳಸದೆ ಉಳಿದದ್ದು ಇದರಿಂದ ಎಂಬುದು ನನ್ನ ವಾದ.

ಒಮ್ಮೆ ಹೀಗೆ ನೋಡತೊಡಗಿದರೆ ಮೊದಲ ಚಿತ್ರದ ತುಂಬ ಇದೇ ಕಾಣಿಸುತ್ತದೆ. ಬೆನ್ ಕಾಕಾ ಎಲೆಕ್ಟ್ರಿಷಿಯನ್. ಕೆಲಸ ಕಳೆದುಕೊಂಡು ಮನೆಯಲ್ಲಿದ್ದಾರೆ. ಅಡುಗೆಮನೆಯ ಮೇಜಿನ ಮೇಲೆ ಪತ್ರಿಕೆ ಹರಡಿಕೊಂಡು ಉದ್ಯೋಗದ ಜಾಹೀರಾತು ನೋಡುತ್ತಾರೆ. ಎಲ್ಲ ಕಡೆ ಕಂಪ್ಯೂಟರ್ ಬಲ್ಲವರೇ ಬೇಕು, ತಮಗೆ 68 ವಯಸ್ಸು. ಹತ್ತಿ ಗಿರಣಿಗಳು ಬಾಗಿಲು ಹಾಕಿಕೊಂಡದ್ದನ್ನು ಕಂಡ ಹುಬ್ಬಳ್ಳಿಯವರಿಗೆ ಆ ಮೇಜು, ಆ ಪತ್ರಿಕೆ, ಆ ಕನ್ನಡಕ ಯಾವುದೂ ಪರದೇಶದ್ದಲ್ಲ. ಮೇರಿ ಜೇನ್ ನಟಿಯಾಗುತ್ತೇನೆಂದು ನ್ಯೂಯಾರ್ಕ್ ಸೇರಿದವಳು, ಸಣ್ಣದೊಂದು ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದಾಳೆ. ರಸ್ತೆಯಲ್ಲಿ ಪೀಟರ್ ಎದುರಾದಾಗ ಹೋಟೆಲಿನ ಸಮವಸ್ತ್ರ ಕಾಣದ ಹಾಗೆ ಕೋಟು ಮುಚ್ಚಿಕೊಳ್ಳುತ್ತಾಳೆ. ಅಷ್ಟರಲ್ಲಿ ಮಾಲೀಕ ಹೊರಗೆ ಬಂದು, ಗಲ್ಲೆಯಲ್ಲಿ ಆರು ಡಾಲರ್ ಕಡಿಮೆ ಬಿದ್ದಿದೆ, ಇನ್ನೊಮ್ಮೆ ಹೀಗಾದರೆ ಪಗಾರದಲ್ಲಿ ಹಿಡಿಯುತ್ತೇನೆ ಎಂದು ನಡುಬೀದಿಯಲ್ಲಿ ಕೂಗುತ್ತಾನೆ. ಆರು ಡಾಲರ್! ಆಗಷ್ಟೇ ಕಟ್ಟಡಗಳ ನಡುವೆ ಹಾರಿ ಬಂದ ವೀರ ಅವಳೆದುರು ನಿಂತು ಏನೂ ಮಾಡಲಾರ. ಅಂಥ ಮಾತಿಗೆ ಯಾವ ಬಲೆ ಎಸೆಯಬೇಕು?

ರೈಮಿಗೆ ಇದು ಓದಿ ತಿಳಿದ ಸಂಗತಿಯಲ್ಲ. ಅವರು ಬಂದದ್ದು ಭಯಾನಕ ಚಿತ್ರಗಳ ಕಡೆಯಿಂದ. 1981ರ 'ದಿ ಈವಿಲ್ ಡೆಡ್' ಚಿತ್ರವನ್ನು ಗೆಳೆಯರೊಂದಿಗೆ ಸೇರಿ, ಡೆಟ್ರಾಯಿಟ್ ಸುತ್ತಲಿನ ದಂತವೈದ್ಯರು, ವ್ಯಾಪಾರಸ್ಥರು ಹೀಗೆ ಸಿಕ್ಕಸಿಕ್ಕವರ ಬಾಗಿಲು ತಟ್ಟಿ ಹಣ ಕೂಡಿಸಿ ಮಾಡಿದವರು. ತಮ್ಮ 1973ರ ಓಲ್ಡ್ಸ್‌ಮೊಬೈಲ್ ಕಾರನ್ನು ಆಗಿನಿಂದಲೂ ತಮ್ಮ ಚಿತ್ರಗಳಲ್ಲಿ ಎಲ್ಲಿಯಾದರೂ ತೂರಿಸುವುದು ಅವರ ಚಾಳಿ. ಸ್ಪೈಡರ್‌ಮ್ಯಾನ್‌ನಲ್ಲಿ ಅದು ಬೆನ್ ಕಾಕಾನ ಕಾರು. ಕಥಾನಾಯಕನನ್ನು ಹುಟ್ಟಿಸಿದ ಮಾರ್ವೆಲ್ ಸಂಸ್ಥೆಯ ಸ್ಥಿತಿಯೂ ಆಗ ಹೇಳಿಕೊಳ್ಳುವಂತಿರಲಿಲ್ಲ. 1962ರಲ್ಲಿ ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಸೇರಿ ರೂಪಿಸಿದ ಪಾತ್ರ ಇದು. 1996ರ ಕೊನೆಗೆ ಮಾರ್ವೆಲ್ ದಿವಾಳಿ ಅರ್ಜಿ ಹಾಕಿತ್ತು, ತನ್ನ ಪಾತ್ರಗಳ ಚಿತ್ರದ ಹಕ್ಕುಗಳನ್ನು ಒಂದೊಂದಾಗಿ ಬೇರೆ ಬೇರೆ ಸ್ಟುಡಿಯೋಗಳಿಗೆ ಮಾರಿಕೊಂಡಿತ್ತು. ಸ್ಪೈಡರ್‌ಮ್ಯಾನ್ ಸೋನಿಯ ಪಾಲಿಗೆ ಬಂದ. ಮನೆಯ ಬಂಗಾರ ಅಡವಿಟ್ಟ ಹೊತ್ತಿನಲ್ಲಿ ತಯಾರಾದ ಚಿತ್ರವೇ ಒಂದು ವಾರಾಂತ್ಯದಲ್ಲಿ ಅಮೆರಿಕದಲ್ಲಿ ಹತ್ತು ಕೋಟಿ ಡಾಲರ್ ದಾಟಿದ ಮೊದಲ ಚಿತ್ರವಾಯಿತು ಎಂಬುದು ಬೇರೆ ಮಾತು.

ಹುಬ್ಬಳ್ಳಿಯಲ್ಲಿ ನಾವು ಇವನ್ನು ನೋಡಿದ್ದು ಹಿಂದಿಯಲ್ಲಿ. ಇಂಗ್ಲಿಷ್ ಚಿತ್ರಗಳನ್ನು ಹಿಂದಿ, ತಮಿಳು, ತೆಲುಗಿಗೆ ಡಬ್ ಮಾಡಿ ಬಿಡುವ ರೂಢಿ ಆಗ ಬಲವಾಗುತ್ತಿತ್ತು. ಕನ್ನಡದಲ್ಲಿ ಮಾತ್ರ ಡಬ್ಬಿಂಗ್ ಕೂಡದೆಂಬ ಚಿತ್ರೋದ್ಯಮದ ಕಟ್ಟುಪಾಡು 1960ರ ದಶಕದಿಂದಲೂ ನಡೆದು ಬಂದಿತ್ತು. ಅದರ ವಿರುದ್ಧ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂದದ್ದು 2015ರಲ್ಲಿ, ನಮ್ಮ ಮೂರು ಚಿತ್ರಗಳು ಬಂದು ಹೋಗಿ ಎಷ್ಟೋ ವರ್ಷಗಳಾದ ಮೇಲೆ. ಆ ಕಟ್ಟುಪಾಡಿಗೆ ಅದರದ್ದೇ ಕಾರಣಗಳಿದ್ದವು, ಇಲ್ಲಿನ ಕಲಾವಿದರ ಅನ್ನದ ಪ್ರಶ್ನೆಯಿತ್ತು. ಆದರೂ ನ್ಯೂಯಾರ್ಕಿನ ಕ್ವೀನ್ಸ್ ಬಡಾವಣೆಯ ಹುಡುಗ ನಮಗೆ ಮುಂಬೈ ಹಿಂದಿಯಲ್ಲಿ ಮಾತನಾಡಿದ್ದು ಇಂದಿಗೂ ನನಗೆ ತಮಾಷೆಯಾಗಿಯೇ ತೋರುತ್ತದೆ. ಹುಬ್ಬಳ್ಳಿಗೆ ಅದು ಭಾರವಾಗಲಿಲ್ಲ. ದುರ್ಗದಬೈಲಿನಲ್ಲಿ ಒಂದು ಸುತ್ತು ಹಾಕಿದರೆ ಕನ್ನಡ, ಹಿಂದಿ, ಉರ್ದು, ಮರಾಠಿ ಎಲ್ಲವೂ ಕಿವಿಗೆ ಬೀಳುವ ಊರು ಇದು. ಟಾಕೀಸಿನಲ್ಲಿ ನೋಡಲಾಗದವರಿಗೆ ಸಿ.ಡಿ. ಬಾಡಿಗೆಗೆ ಕೊಡುವ ಅಂಗಡಿಗಳಿದ್ದವು. ಆಮೇಲೆ ಕೇಬಲ್ ಟಿ.ವಿ.ಯಲ್ಲಿ ಅವೇ ಚಿತ್ರಗಳು ಹಬ್ಬಕ್ಕೊಮ್ಮೆ, ಭಾನುವಾರಕ್ಕೊಮ್ಮೆ ಬರತೊಡಗಿದವು.

ಎರಡನೆಯ ಚಿತ್ರ ಬಂದ ವರ್ಷ ನಾನು ಧಾರವಾಡದಲ್ಲಿ ಓದುತ್ತಿದ್ದೆ. ಮಾಳಮಡ್ಡಿಯ ಒಂದು ಮನೆಯ ಹಿತ್ತಲ ಕಡೆ ಕೋಣೆ. ಊಟಕ್ಕೆ ಖಾನಾವಳಿ. ತಿಂಗಳ ಲೆಕ್ಕ. ಊರಿನಿಂದ ಹಣ ಬರುವುದು ತಡವಾದರೆ ಉದ್ರಿ. ಉದ್ರಿ ಬೆಳೆಯುತ್ತ ಹೋದ ಹಾಗೆ ಗಲ್ಲೆಯ ಮೇಲೆ ಮಾಲೀಕರು ಯಾವಾಗ ಇರುತ್ತಾರೆ, ಯಾವಾಗ ಅವರ ತಮ್ಮ ಕೂರುತ್ತಾನೆ ಎಂಬುದು ನಮಗೆ ಪಠ್ಯಕ್ಕಿಂತ ಚೆನ್ನಾಗಿ ಬಾಯಿಪಾಠವಾಗಿತ್ತು. ಮಾಲೀಕರು ಒಂದು ದಿನವೂ ಹಣ ಕೇಳಿದವರಲ್ಲ. ಇನ್ನೊಂದು ರೊಟ್ಟಿ ಹಾಕಲೇ ಎಂದು ಮಾತ್ರ ಕೇಳುತ್ತಿದ್ದರು. ಅದು ಕೇಳುವುದಕ್ಕಿಂತ ಕಷ್ಟದ್ದಾಗಿತ್ತು. ಇಷ್ಟು ಹೇಳಿದ್ದು ಯಾಕೆಂದರೆ, ನಾವು ಕೋಣೆಯ ಹುಡುಗರೆಲ್ಲ ಧಾರವಾಡದಿಂದ ಬಸ್ ಹತ್ತಿ ಹುಬ್ಬಳ್ಳಿಗೆ ಹೋಗಿ ಕತ್ತಲೆಯ ಟಾಕೀಸಿನಲ್ಲಿ ಕುಳಿತಾಗ, ಪರದೆಯ ಮೇಲೆ ನಮ್ಮದೇ ಲೆಕ್ಕ ಬಿಚ್ಚಿಕೊಳ್ಳುತ್ತದೆಂದು ಯಾರೂ ಎಣಿಸಿರಲಿಲ್ಲ.

ಆ ಎರಡನೆಯ ಚಿತ್ರದ ಬಗ್ಗೆ ಸ್ವಲ್ಪ ನಿಧಾನವಾಗಿಯೇ ಹೇಳಬೇಕು.

ಚಿತ್ರ ಶುರುವಾಗುವುದು ಪಿಜ್ಜಾದಿಂದ. 29 ನಿಮಿಷದೊಳಗೆ ಮನೆಗೆ ಮುಟ್ಟಿಸುತ್ತೇವೆಂದು ಮಾತು ಕೊಟ್ಟ ಅಂಗಡಿ. ಪೀಟರ್ ಅಲ್ಲಿ ಡೆಲಿವರಿ ಹುಡುಗ. ಮೊಪೆಡ್ಡಿನಲ್ಲಿ ಹೋದರೆ ಹೊತ್ತಿಗೆ ಮುಟ್ಟುವುದಿಲ್ಲವೆಂದು ವೇಷ ಧರಿಸಿ ಹಾರುತ್ತಾನೆ. ದಾರಿಯಲ್ಲಿ ಲಾರಿಗೆ ಸಿಗಲಿದ್ದ ಇಬ್ಬರು ಮಕ್ಕಳನ್ನು ಕಾಪಾಡುತ್ತಾನೆ. ಕಚೇರಿ ಮುಟ್ಟುವ ಹೊತ್ತಿಗೆ ತಡವಾಗಿರುತ್ತದೆ, ಕೌಂಟರಿನ ಹೆಂಗಸು ಹಣ ಕೊಡುವುದಿಲ್ಲ. ಅಂಗಡಿಯವನು ಕೆಲಸದಿಂದ ತೆಗೆಯುತ್ತಾನೆ. ಇಬ್ಬರು ಮಕ್ಕಳು ಬದುಕಿದರು ಎಂಬುದು ಯಾವ ಲೆಕ್ಕಕ್ಕೂ ಸೇರಲಿಲ್ಲ. ಇಂದು ವಿದ್ಯಾನಗರದ ಸಿಗ್ನಲ್ಲಿನಲ್ಲಿ ಬೆನ್ನಿಗೆ ದೊಡ್ಡ ಚೀಲ ಕಟ್ಟಿಕೊಂಡು, ಒಂದು ಕಣ್ಣು ಮೊಬೈಲಿನ ಮೇಲೆ, ಒಂದು ಕಣ್ಣು ಕೆಂಪು ದೀಪದ ಮೇಲೆ ಇಟ್ಟು ನಿಂತ ಹುಡುಗರನ್ನು ನೋಡುವಾಗ ಈ ದೃಶ್ಯ 2004ರದ್ದು ಎಂದು ನಂಬುವುದು ಕಷ್ಟ. ಆಗ ನಮಗೆ ಅದು ನಗೆಯ ಸನ್ನಿವೇಶವಾಗಿತ್ತು. ಪೊರಕೆಗಳ ಕೋಣೆಯಿಂದ ಅವನು ಹೊರಬರುವಾಗ ಪೊರಕೆಗಳು ಒಂದೊಂದಾಗಿ ಬೀಳುವುದಕ್ಕೆ ಇಡೀ ಟಾಕೀಸು ನಕ್ಕಿತ್ತು. ಈಗಲೂ ನಗು ಬರುತ್ತದೆ, ಆದರೆ ಅಷ್ಟು ಸಲೀಸಾಗಿ ಅಲ್ಲ.

ಅದೇ ದಿನ ಅವನ ಹುಟ್ಟುಹಬ್ಬ. ಅವನಿಗೇ ಮರೆತಿರುತ್ತದೆ. ಮೇ ಕಾಕು ಮನೆಗೆ ಕರೆಸಿ ಊಟ ಹಾಕುತ್ತಾರೆ. ಆ ಮನೆಯೇ ಸಾಲ ತೀರದೆ ಬ್ಯಾಂಕಿನ ಕೈ ಸೇರುವ ಹಂತದಲ್ಲಿದೆ, ನೋಟಿಸು ಬಂದಿದೆ. ಹುಡುಗ ಹೊರಡುವಾಗ ಕಾಕು 20 ಡಾಲರಿನ ನೋಟು ತೆಗೆದು ಕೊಡುತ್ತಾರೆ. ಅವನು ಬೇಡ ಎನ್ನುತ್ತಾನೆ. ಆಗ ಆ ಮೃದು ಮುದುಕಿ ಒಮ್ಮೆಲೇ ಸಿಡಿಯುತ್ತಾರೆ: ಹೆಚ್ಚೇನಲ್ಲ, ತೆಗೆದುಕೋ ಎಂದು ಗದರಿಸಿ, ಮರುಕ್ಷಣ ತಾವೇ ಅಳತೊಡಗುತ್ತಾರೆ. ರೋಸ್‌ಮೇರಿ ಹ್ಯಾರಿಸ್ ಅವರ ಆ ಅರ್ಧ ನಿಮಿಷದ ಅಭಿನಯಕ್ಕೆ ನಾನು ಮೂರೂ ಚಿತ್ರಗಳ ಹೊಡೆದಾಟವನ್ನೆಲ್ಲ ಬಿಟ್ಟುಕೊಡಬಲ್ಲೆ. ಕೊಡಲು ಇಲ್ಲದವರು ಕೊಡುವಾಗ ತೆಗೆದುಕೊಳ್ಳದಿದ್ದರೆ ಆಗುವ ಅವಮಾನ ಎಂಥದೆಂದು ಗೊತ್ತಿರುವವರು ಮಾತ್ರ ಆ ಸಿಟ್ಟನ್ನು ಬರೆಯಬಲ್ಲರು. ರಜೆ ಮುಗಿಸಿ ಧಾರವಾಡಕ್ಕೆ ಹೊರಟಾಗ ನಮ್ಮ ಅಜ್ಜಿ ಸೀರೆಯ ಸೆರಗಿನ ಗಂಟು ಬಿಚ್ಚುತ್ತಿದ್ದದ್ದು, ನಾನು ಬೇಡ ಎಂದರೆ ಅವಳ ಮುಖ ಗಂಟಾಗುತ್ತಿದ್ದದ್ದು ನನಗೆ ಆ ಟಾಕೀಸಿನಲ್ಲಿ ನೆನಪಾಗಿತ್ತೋ, ಆಮೇಲೆ ನಾನೇ ಸೇರಿಸಿಕೊಂಡೆನೋ.

ಆ ಇಪ್ಪತ್ತು ಡಾಲರ್ ಎಲ್ಲಿಗೆ ಹೋಗುತ್ತದೆ ಎಂಬುದು ಇನ್ನೂ ಚೆನ್ನಾಗಿದೆ. ಅವತ್ತೇ ಪೀಟರ್ ತನ್ನ ಬಾಡಿಗೆ ಕೋಣೆಗೆ ಕಳ್ಳಹೆಜ್ಜೆ ಇಟ್ಟು ಹೋಗುತ್ತಿರುವಾಗ ಮನೆಯ ಮಾಲೀಕ ಡಿಟ್ಕೊವಿಚ್ ಬಾಗಿಲಲ್ಲೇ ಹಿಡಿಯುತ್ತಾನೆ. ಸ್ಟೀವ್ ಡಿಟ್ಕೊ ಅವರನ್ನು ನೆನಪಿಸುವ ಹೆಸರನ್ನು ಬಾಡಿಗೆ ವಸೂಲಿಯವನಿಗೆ ಇಟ್ಟಿರುವುದು ರೈಮಿಯ ಕುಚೋದ್ಯ. ಒಂದು ತಿಂಗಳ ಬಾಕಿ ಇದೆ. ಈ ವಾರ ಪೂರ್ತಿ ಕಳೆಯಲು ನನ್ನ ಬಳಿ ಇರುವುದು ಈ ಇಪ್ಪತ್ತೇ ಎಂದು ಪೀಟರ್ ನೋಟು ತೋರಿಸಿದ್ದೇ ತಡ, ಅದು ಮಾಲೀಕನ ಕೈಗೆ ಹೋಗಿರುತ್ತದೆ. ಕಾಕುವಿನ ಕಣ್ಣೀರಿನಿಂದ ಮಾಲೀಕನ ಕಿಸೆಗೆ ಒಂದು ನೋಟು ಹೋದ ದಾರಿಯನ್ನು ಇಷ್ಟು ಶ್ರದ್ಧೆಯಿಂದ ಹಿಂಬಾಲಿಸಿದ ಈ ಚಿತ್ರಕ್ಕೆ ತಗುಲಿದ ಖರ್ಚು ಸುಮಾರು 20 ಕೋಟಿ ಡಾಲರ್. ಸ್ಪೆಷಲ್ ಎಫೆಕ್ಟ್ಸ್‌ಗೆ ಆಸ್ಕರ್ ಬಂತು. ಬರಬೇಕಾದದ್ದೇ. ಈ ಚಿತ್ರದ ಖಳ ಡಾಕ್ಟರ್ ಆಕ್ಟೋಪಸ್‌ನ ನಾಲ್ಕು ಯಂತ್ರಬಾಹುಗಳನ್ನು ಎಷ್ಟೋ ದೃಶ್ಯಗಳಲ್ಲಿ ಸೂತ್ರದ ಗೊಂಬೆಯಾಟದವರೇ ಕುಣಿಸಿದ್ದಾರೆ, ಅದಕ್ಕೇ ಅವುಗಳಿಗೆ ಒಂದು ಜೀವಂತ ಕೇಡು ಬಂದಿದೆ. ಆಸ್ಪತ್ರೆಯಲ್ಲಿ ಅವು ಕಣ್ಣು ಬಿಡುವ ದೃಶ್ಯದಲ್ಲಿ ಸಂಗೀತವಿಲ್ಲ, ಬರೀ ಚೀರಾಟ, ನೆರಳು. ಹಳೆಯ ಭಯಾನಕ ಚಿತ್ರಗಳ ರೈಮಿ ಒಂದೆರಡು ನಿಮಿಷ ಹೊರಗೆ ಬಂದು ಹೋಗುತ್ತಾರೆ.

ಬ್ಯಾಂಕಿನ ಸನ್ನಿವೇಶ ಇನ್ನೊಂದು. ಮೇ ಕಾಕು ಸಾಲಕ್ಕಾಗಿ ಚೊಕ್ಕಟ ಬಟ್ಟೆ ಹಾಕಿಕೊಂಡು ಬಂದಿದ್ದಾರೆ. ಅಧಿಕಾರಿ ನಗುನಗುತ್ತಲೇ ಇಲ್ಲ ಎನ್ನುತ್ತಾನೆ. ಹೋಗಲಿ, ಖಾತೆ ತೆರೆದದ್ದಕ್ಕೆ ಟೋಸ್ಟರ್ ಆದರೂ ಸಿಗುತ್ತದಲ್ಲ ಎಂದು ಕಾಕು ಸಮಾಧಾನ ಮಾಡಿಕೊಂಡರೆ, ಅದು 300 ಡಾಲರ್ ಠೇವಣಿ ಇಟ್ಟವರಿಗೆ ಮಾತ್ರ ಎನ್ನುತ್ತಾನೆ. ಓ ಹೌದೌದು, ತಿಳಿಯಿತು ಎಂದು ಕಾಕು ತಲೆಯಾಡಿಸುವ ರೀತಿ ನೋಡಬೇಕು. ಅದಾದ ಮೇಲೆ ಆಕ್ಟೋಪಸ್ ಬಂದು ತಿಜೋರಿಯ ಬಾಗಿಲು ಕಿತ್ತೆಸೆಯುತ್ತಾನೆ, ಬಂಗಾರದ ನಾಣ್ಯಗಳು ಚೆಲ್ಲಾಡುತ್ತವೆ. ನಮಗಂತೂ ಆಗ ಆಕ್ಟೋಪಸ್‌ನ ಮೇಲೆ ಸಿಟ್ಟೇ ಬಂದಿರಲಿಲ್ಲ.

ಪತ್ರಿಕೆಯ ಸಂಪಾದಕ ಜೇಮ್ಸನ್‌ನ ಮಾತೂ ಬರಬೇಕು. ಹುಬ್ಬಳ್ಳಿಯಿಂದ ಹಲವು ದಿನಪತ್ರಿಕೆಗಳು ಅಚ್ಚಾಗುತ್ತವೆ. ಫೋಟೋಕ್ಕೆ ಇಷ್ಟು, ಸುದ್ದಿಗೆ ಇಷ್ಟು ಎಂದು ಬಿಡಿ ಲೆಕ್ಕದಲ್ಲಿ ದುಡಿಯುವವರು ಈ ಕಸುಬಿನಲ್ಲಿ ಎಲ್ಲ ಊರಿನಲ್ಲೂ ಇದ್ದಾರೆ. ಪೀಟರ್ ಅಂಥವನು. ಅವನ ಫೋಟೋಗಳಿಗೆ ಜೇಮ್ಸನ್ ಬೆಲೆ ಕಟ್ಟುವುದು ಸೊಪ್ಪಿನ ಸಂತೆಯ ಚೌಕಾಶಿ. ಆದರೆ ಮೊದಲ ಚಿತ್ರದಲ್ಲಿ ಖಳ ಗ್ರೀನ್ ಗಾಬ್ಲಿನ್ ಕಿಟಕಿ ಒಡೆದು ಬಂದು ಅವನ ಕುತ್ತಿಗೆ ಹಿಡಿದು, ಫೋಟೋ ತೆಗೆಯುವವನು ಯಾರು ಎಂದು ಕೇಳಿದಾಗ, ಆ ಜಿಪುಣ ಹೆಸರು ಹೇಳುವುದಿಲ್ಲ. ಗೊತ್ತಿಲ್ಲ, ಅಂಚೆಯಲ್ಲಿ ಬರುತ್ತವೆ ಎನ್ನುತ್ತಾನೆ. ಪೀಟರ್ ಆಗಷ್ಟೇ ಅದೇ ಕೋಣೆಯಲ್ಲಿದ್ದವನು. ಕಾಸಿನಲ್ಲಿ ಕಟುಕ, ಜೀವದ ವಿಷಯದಲ್ಲಿ ನಂಬಿಗಸ್ತ. ಜೆ.ಕೆ. ಸಿಮನ್ಸ್ ಈ ಪಾತ್ರವನ್ನು ಎಷ್ಟು ಭದ್ರವಾಗಿ ಹಿಡಿದರೆಂದರೆ, ಮುಂದೆ ಬೇರೆ ನಟರ ಸ್ಪೈಡರ್‌ಮ್ಯಾನ್ ಚಿತ್ರಗಳು ಬಂದಾಗಲೂ ಜೇಮ್ಸನ್ ಬೇಕಾದಾಗ ಅವರನ್ನೇ ಕರೆಯಬೇಕಾಯಿತು.

ಇನ್ನು ಎರಡನೆಯ ಚಿತ್ರದ ರೈಲಿನ ದೃಶ್ಯ. ಹುಬ್ಬಳ್ಳಿ ರೈಲ್ವೆಯವರ ಊರು. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇಲ್ಲಿದೆ, ಹಳೆಯ ವರ್ಕ್‌ಶಾಪ್ ಇದೆ, ಒಂದೂವರೆ ಕಿಲೋಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆ. ಇಂಥ ಊರಿನಲ್ಲಿ ಓಡುವ ರೈಲನ್ನು ಒಬ್ಬ ಹುಡುಗ ಎದೆಯಿಂದ ನಿಲ್ಲಿಸಿದರೆ ಸುಮ್ಮನೆ ಒಪ್ಪುವವರು ಕಡಿಮೆ. ವರ್ಕ್‌ಶಾಪಿನಿಂದ ನಿವೃತ್ತರಾದ ಹಿರಿಯರೊಬ್ಬರು ನಮ್ಮ ಓಣಿಯಲ್ಲಿದ್ದಾರೆ. ಟಿ.ವಿ.ಯಲ್ಲಿ ಆ ದೃಶ್ಯ ಬಂದಾಗಲೆಲ್ಲ ಅವರದ್ದು ಒಂದೇ ತಕರಾರು. ಆಕ್ಟೋಪಸ್ ಚಾಲಕನ ಹಿಡಿಕೆ ಕಿತ್ತ ಮಾತ್ರಕ್ಕೆ ರೈಲು ಹಾಗೆ ಓಡುತ್ತದೆಯೇ? ಬ್ರೇಕು ಬೀಳದಂತೆ ಹಿಡಿದಿಡುವುದೇ ಕೊಳವೆಯೊಳಗಿನ ಗಾಳಿಯ ಒತ್ತಡ. ಕೊಳವೆ ಒಡೆದರೆ, ಡಬ್ಬಿ ಕಳಚಿದರೆ, ಸರಪಳಿ ಎಳೆದರೆ ಒತ್ತಡ ಇಳಿದು ಬ್ರೇಕು ತಾನಾಗಿಯೇ ಬೀಳುತ್ತದೆ. ಕೆಟ್ಟರೆ ನಿಲ್ಲಬೇಕು, ಓಡಬಾರದು, ಅದೇ ಅದರ ಗುಟ್ಟು. ಇಷ್ಟು ವಿವರಿಸಿ, "ಅಮೆರಿಕದವರಿಗೆ ಇಷ್ಟೂ ಗೊತ್ತಿಲ್ಲವೇನಪ್ಪ" ಎನ್ನುತ್ತಾರೆ. ಕಥೆ ನಡೆಯುವುದು ನ್ಯೂಯಾರ್ಕಿನಲ್ಲಿ, ಆ ಎತ್ತರದ ಹಳಿಗಳ ಚಿತ್ರೀಕರಣ ನಡೆದದ್ದು ಶಿಕಾಗೋದಲ್ಲಿ ಎಂಬ ಚಿತ್ರದ ಇನ್ನೊಂದು ಸುಳ್ಳನ್ನೂ ನಾನು ಅವರಿಗೆ ತಿಳಿಸಿದ್ದೇನೆ. ಅದಕ್ಕೆ ಅವರು ತಲೆ ಕೆಡಿಸಿಕೊಳ್ಳಲಿಲ್ಲ.

ಆದರೆ ರೈಲು ನಿಂತ ಮೇಲಿನ ಭಾಗಕ್ಕೆ ಅವರ ತಕರಾರಿಲ್ಲ. ಮುಖವಾಡ ಕಳೆದುಕೊಂಡು, ಅಂಗಿ ಹರಿದು, ಪ್ರಜ್ಞೆ ತಪ್ಪಿ ಹಳಿಯಿಂದ ಕೆಳಗೆ ಬೀಳಲಿದ್ದವನನ್ನು ಪ್ರಯಾಣಿಕರ ಕೈಗಳು ಹಿಡಿಯುತ್ತವೆ. ತಲೆಯ ಮೇಲಿಂದ ಮೇಲಕ್ಕೆ ಸಾಗಿಸಿ ಡಬ್ಬಿಯ ನೆಲದ ಮೇಲೆ ಮಲಗಿಸುತ್ತಾರೆ. ಎಲ್ಲರೂ ಮುಖ ನೋಡಿದ್ದಾರೆ. ನನ್ನ ಮಗನಿಗಿಂತ ದೊಡ್ಡವನಲ್ಲ, ಇನ್ನೂ ಹುಡುಗ ಎಂದು ಒಬ್ಬ ಹೇಳುತ್ತಾನೆ. ಇಬ್ಬರು ಹುಡುಗರು ಮುಖವಾಡ ತಂದುಕೊಟ್ಟು, ಯಾರಿಗೂ ಹೇಳುವುದಿಲ್ಲ ಎನ್ನುತ್ತಾರೆ. ಅವನ ಗುಟ್ಟನ್ನು ಪತ್ರಿಕೆಗೆ ಮಾರಿದರೆ ಎಷ್ಟು ಸಿಗುತ್ತಿತ್ತೋ. ಡಬ್ಬಿ ತುಂಬ ಇರುವವರು ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಮರಳುವ ಸಾಮಾನ್ಯರು. ಅವರಲ್ಲೂ ಎಷ್ಟು ಜನರಿಗೆ ಬಾಡಿಗೆ ಬಾಕಿ ಇತ್ತೋ. ಆದರೂ ಯಾರೂ ಬಾಯಿ ಬಿಡುವುದಿಲ್ಲ. ನಮ್ಮ ಓಣಿಗಳಲ್ಲಿ ಎಲ್ಲರ ಮನೆಯ ಸಂಗತಿ ಎಲ್ಲರಿಗೂ ಗೊತ್ತಿರುತ್ತದೆ. ಗೊತ್ತಿದ್ದೂ ಗೊತ್ತಿಲ್ಲದವರಂತೆ ನಡೆದುಕೊಳ್ಳುವ ಒಂದು ಸಭ್ಯತೆಯೂ ಇರುತ್ತದೆ. ಖಾನಾವಳಿಯ ಮಾಲೀಕರು ನಮ್ಮ ಮೇಲೆ ತೋರಿಸಿದ್ದು ಅದನ್ನೇ. ಆ ಸಭ್ಯತೆಯನ್ನು ಇಷ್ಟು ದೊಡ್ಡ ಖರ್ಚಿನ ಹೊಡೆದಾಟದ ಚಿತ್ರದಲ್ಲಿ ನಾನು ಮತ್ತೆಲ್ಲೂ ಕಂಡಿಲ್ಲ.

ಮೊದಲ ಚಿತ್ರದಲ್ಲಿಯೂ ಜನ ಹೀಗೆ ಮುಂದೆ ಬರುವ ಒಂದು ಕ್ಷಣವಿದೆ. ಕ್ವೀನ್ಸ್‌ಬರೊ ಸೇತುವೆಯ ಮೇಲೆ ನಿಂತ ನ್ಯೂಯಾರ್ಕಿನವರು ಗಾಬ್ಲಿನ್‌ನ ಮೇಲೆ ಕೈಗೆ ಸಿಕ್ಕದ್ದನ್ನು ಎಸೆಯುತ್ತಾರೆ. 2001ರ ಸೆಪ್ಟೆಂಬರ್ 11ರ ದಾಳಿ ನಡೆದು ವರ್ಷ ತುಂಬುವ ಮೊದಲೇ ಚಿತ್ರ ತೆರೆಗೆ ಬಂದಿತ್ತು. ಅವಳಿ ಗೋಪುರಗಳ ನಡುವೆ ಬಲೆ ಹೆಣೆದು ಹೆಲಿಕಾಪ್ಟರ್ ಹಿಡಿಯುವ ಒಂದು ಪ್ರಚಾರದ ತುಣುಕನ್ನು ದಾಳಿಯ ನಂತರ ಹಿಂತೆಗೆದುಕೊಂಡಿದ್ದರು. ಸೇತುವೆಯ ದೃಶ್ಯ ಆ ಊರಿನವರಿಗಾಗಿ ಇಟ್ಟದ್ದು. ಅದರಲ್ಲಿ ಘೋಷಣೆಯ ಧ್ವನಿ ಸ್ವಲ್ಪ ಜಾಸ್ತಿ. ರೈಲಿನ ಡಬ್ಬಿಯಲ್ಲಿ ಆ ಧ್ವನಿ ಇಳಿದಿದೆ.

ನನ್ನ ಅಕ್ಕನ ಮಗ ಈಗ ಧಾರವಾಡದ ಸಪ್ತಾಪುರದಲ್ಲಿ ಕೋಣೆ ಮಾಡಿಕೊಂಡು ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದಾನೆ. ಮೂರೂ ಚಿತ್ರಗಳನ್ನು ನಾನು ಮತ್ತೆ ನೋಡಿದ್ದು ಅವನ ಜೊತೆ, ಅವನ ಲ್ಯಾಪ್‌ಟಾಪಿನಲ್ಲಿ. ಹುಬ್ಬಳ್ಳಿಯಿಂದ ಚಿಗರಿ ಬಸ್ ಹತ್ತಿ ಹೋಗುವುದು, ನೋಡುವುದು, ಮಳೆ ಬಿಟ್ಟಾಗ ಹೊರಗೆ ಹೋಗಿ ಗಿರಮಿಟ್ ತಿನ್ನುವುದು. ಅವನಿಗೆ ಮೊದಲು ಪರಿಚಯವಾಗಿದ್ದದ್ದು ಚಿತ್ರಗಳಲ್ಲ, ಅವುಗಳ ತುಣುಕುಗಳು: ಪಿಜ್ಜಾದ ಮಾತು, ಜೇಮ್ಸನ್‌ನ ನಗು, ಮೂರನೆಯ ಚಿತ್ರದಲ್ಲಿ ಹಣೆಯ ಮೇಲೆ ಕೂದಲು ಬಿಟ್ಟುಕೊಂಡು ಪೀಟರ್ ಬೀದಿಯಲ್ಲಿ ಕುಣಿಯುವುದು. ಪೂರ್ತಿ ಚಿತ್ರ ನೋಡುವಾಗ ಅವನು ಕೇಳಿದ ಪ್ರಶ್ನೆಗಳು ನನ್ನ ತಲೆಗೆ ಎಂದೂ ಹೊಳೆದಿರಲಿಲ್ಲ. "ಮಾಮಾ, ಇವನು ಕಾಲೇಜಿಗೆ ಹಾಜರಾತಿ ಹೇಗೆ ತುಂಬುತ್ತಾನೆ?" ತುಂಬುವುದಿಲ್ಲ. ಪ್ರೊಫೆಸರ್ ಕಾನರ್ಸ್ ಅದಕ್ಕೇ ಬೈಯುತ್ತಾರೆ. "ಆ ಬಟ್ಟೆಯನ್ನು ಯಾರು ಒಗೆಯುತ್ತಾರೆ?" ಅವನೇ, ಲಾಂಡ್ರಿಯಲ್ಲಿ, ಬಣ್ಣ ಬಿಟ್ಟು ಬಿಳಿ ಬಟ್ಟೆಯೆಲ್ಲ ಹಾಳಾಗುತ್ತದೆ. ಪ್ರತಿ ಪ್ರಶ್ನೆಗೂ ಚಿತ್ರದೊಳಗೇ ಉತ್ತರವಿತ್ತು. ಇದು ಸಣ್ಣ ಸಂಗತಿಯಲ್ಲ. ಬ್ಯಾಟ್‌ಮ್ಯಾನ್ ಆಗುವ ಸಿರಿವಂತ ಬ್ರೂಸ್ ವೇಯ್ನ್ ಬಗ್ಗೆ ಇಂಥ ಪ್ರಶ್ನೆ ಕೇಳಿ ನೋಡಿ. ಕ್ರಿಸ್ಟೋಫರ್ ನೋಲನ್‌ರ ಬ್ಯಾಟ್‌ಮ್ಯಾನ್ ಚಿತ್ರಗಳು ಎಷ್ಟೇ ಗಂಭೀರವಾಗಿದ್ದರೂ ಅರಮನೆಯಲ್ಲಿ ಇರುವವನ ನೋವು ನನಗೆ ಯಾಕೋ ದೂರದ ಸಂಬಂಧಿಯ ಮನೆಯ ಸುದ್ದಿ. ಟಾಮ್ ಹಾಲೆಂಡ್‌ನ ಸ್ಪೈಡರ್‌ಮ್ಯಾನ್ ಬಂದಾಗಲೂ ಹಾಗೆಯೇ ಆಯಿತು. ಟೋನಿ ಸ್ಟಾರ್ಕ್ ಎಂಬ ಕೋಟ್ಯಧೀಶ ಅವನಿಗೆ ಹೊಸ ವೇಷ ಹೊಲಿಸಿಕೊಟ್ಟ. ಅಕ್ಕನ ಮಗನಿಗೆ ಆ ಹುಡುಗನೇ ಇಷ್ಟ, ನಾನು ವಾದಕ್ಕೆ ಹೋಗಲಿಲ್ಲ.

ಹಳತಾದದ್ದು ಏನೂ ಇಲ್ಲವೆಂದಲ್ಲ. ಮೊದಲ ಚಿತ್ರದ ಕಂಪ್ಯೂಟರ್ ಹಾರಾಟ ಈಗ ರಬ್ಬರಿನದ್ದೆಂದು ಗೊತ್ತಾಗುತ್ತದೆ. ಗಾಬ್ಲಿನ್‌ನ ಹಸಿರು ಮುಖವಾಡ ಆಗಲೂ ಚೆನ್ನಾಗಿರಲಿಲ್ಲ. ವಿಲೆಮ್ ಡಫೋರಂಥ ನಟನ ಮುಖಕ್ಕೆ ಅಲುಗಾಡದ ಲೋಹ ಮುಚ್ಚಿದ್ದು ಅನ್ಯಾಯ. ಕನ್ನಡಿಯ ಎದುರು ನಿಂತು ತಾನೇ ಇಬ್ಬರಾಗಿ ಮಾತನಾಡುವಾಗ ಅವರಿಗೆ ಯಾವ ಮುಖವಾಡವೂ ಬೇಕಿರಲಿಲ್ಲ. ಮೇರಿ ಜೇನ್‌ಳಿಗೆ ಮೂರೂ ಚಿತ್ರಗಳ ಕೊನೆಯಲ್ಲಿ ಎಲ್ಲಿಂದಾದರೂ ತೂಗಾಡಿಕೊಂಡು ಚೀರುವುದೇ ಕೆಲಸ. ಆರು ಡಾಲರಿನ ಅವಮಾನವನ್ನು ಅಷ್ಟು ಚೆನ್ನಾಗಿ ಬರೆದವರು ಅವಳಿಗೆ ಇನ್ನೇನಾದರೂ ಕೊಡಬಹುದಿತ್ತು.

ಮೂರನೆಯ ಚಿತ್ರವನ್ನು ಬೈಯುವುದು ಒಂದು ರೂಢಿ. ಮೂವರು ಖಳರು, ಒಬ್ಬನಿಗೆ ನೆನಪು ಹೋಗುತ್ತದೆ, ಬರುತ್ತದೆ. ಅವರಲ್ಲಿ ವೆನಮ್ ಎಂಬವನನ್ನು ನಿರ್ಮಾಪಕರ ಒತ್ತಾಯಕ್ಕೆ ಸೇರಿಸಿದ್ದು ಎದ್ದು ಕಾಣುತ್ತದೆ. ಪೀಟರ್‌ನ ಗೆಳೆಯ, ಗಾಬ್ಲಿನ್‌ನ ಮಗ ಹ್ಯಾರಿಯ ಮನೆಯ ಮುದಿ ಸೇವಕ, ನಿನ್ನ ತಂದೆ ಸತ್ತದ್ದು ತನ್ನ ಆಯುಧದಿಂದಲೇ ಎಂದು ಎಲ್ಲ ಸುಟ್ಟು ಹೋದ ಮೇಲೆ ಬಾಯಿ ಬಿಡುತ್ತಾನೆ. ಅಷ್ಟು ವರ್ಷ ಅವನು ಏನು ಮಾಡುತ್ತಿದ್ದನೋ, ಅವನಿಗೆ ಪಗಾರ ಸರಿಯಾಗಿ ಸಿಗುತ್ತಿರಲಿಲ್ಲವೇನೋ. ಬೆನ್ ಕಾಕಾನನ್ನು ಕೊಂದವನು ನಿಜಕ್ಕೂ ಬೇರೊಬ್ಬ ಎಂದು ಹಳೆಯ ಕಥೆಯನ್ನು ತಿದ್ದಿದ್ದೂ ನನಗೆ ಹಿಡಿಸಿಲ್ಲ.

ಆ ಬೇರೊಬ್ಬನ ಪಾತ್ರವನ್ನು ಮಾತ್ರ ಬಿಟ್ಟುಕೊಡಲಾರೆ. ಫ್ಲಿಂಟ್ ಮಾರ್ಕೊ ಜೈಲಿನಿಂದ ತಪ್ಪಿಸಿಕೊಂಡ ಕಳ್ಳ. ಮಗಳಿಗೆ ಕಾಯಿಲೆ, ಚಿಕಿತ್ಸೆಗೆ ಹಣವಿಲ್ಲ. ತಾನು ಕೆಟ್ಟವನಲ್ಲ, ಹಣೆಬರಹ ಕೆಟ್ಟದ್ದು ಎಂಬುದು ಅವನ ಮಾತು. ವಿಜ್ಞಾನಿಗಳ ಪ್ರಯೋಗದ ಗುಂಡಿಯಲ್ಲಿ ಬಿದ್ದು ಅವನು ಮರಳಾಗುತ್ತಾನೆ. ಆಮೇಲೆ ಆ ಮರಳಿನ ರಾಶಿ ಮನುಷ್ಯನಾಗಿ ಏಳಲು ಯತ್ನಿಸುವ ಎರಡೂವರೆ ನಿಮಿಷ, ಒಂದೂ ಮಾತಿಲ್ಲ. ಏಳುತ್ತದೆ, ಕುಸಿಯುತ್ತದೆ. ಮಗಳ ಫೋಟೋ ಇರುವ ಪದಕವನ್ನು ಎತ್ತಿಕೊಳ್ಳಲು ಹೋದರೆ ಬೆರಳುಗಳೇ ಉದುರುತ್ತವೆ. ಕ್ರಿಸ್ಟೋಫರ್ ಯಂಗ್‌ರ ಸಂಗೀತ ಅಲ್ಲಿ ಅಬ್ಬರಿಸುವುದಿಲ್ಲ. ಕಂಪ್ಯೂಟರಿನಲ್ಲಿ ಹುಟ್ಟಿದ ಒಂದು ಆಕೃತಿ ನನ್ನನ್ನು ಅಳಿಸುವಷ್ಟರ ಮಟ್ಟಿಗೆ ತಂದದ್ದು ಆ ಒಂದೇ ಸಲ. ಪೀಟರ್‌ಗೂ ಮಾರ್ಕೊಗೂ ಇರುವ ಅಂತರ ಬಹಳ ಸಣ್ಣದು. ಇಬ್ಬರಿಗೂ ಹಣ ಬೇಕಿತ್ತು. ಒಬ್ಬನಿಗೆ ಇಪ್ಪತ್ತು ಡಾಲರ್ ಕೊಡುವ ಕಾಕು ಇದ್ದರು.

ಕೊನೆಗೆ ಪೀಟರ್ ಅವನನ್ನು ಹೊಡೆದು ಗೆಲ್ಲುವುದಿಲ್ಲ, ಕ್ಷಮಿಸುತ್ತಾನೆ. ಮಾರ್ಕೊ ಧೂಳಾಗಿ ಹಾರಿ ಹೋಗುತ್ತಾನೆ. ಇಷ್ಟು ದೊಡ್ಡ ಹೊಡೆದಾಟದ ಚಿತ್ರದ ಮುಖ್ಯ ಜಗಳ ಹೀಗೆ ಮುಗಿದದ್ದಕ್ಕೆ ಟಾಕೀಸಿನಲ್ಲಿ ಹಲವರು ಗೊಣಗಿದ್ದು ನೆನಪಿದೆ. ಮಧ್ಯದ ಆ ಕುಖ್ಯಾತ ಕುಣಿತವನ್ನೂ ನಾನು ಸಮರ್ಥಿಸುತ್ತೇನೆ. ಕಪ್ಪು ವೇಷ ಮೈಗೆ ಹತ್ತಿ ಸೊಕ್ಕು ಬಂದಾಗ ಪೀಟರ್ ತನ್ನನ್ನು ಭಾರಿ ರಸಿಕ ಎಂದುಕೊಳ್ಳುತ್ತಾನೆ, ಬೀದಿಯ ಹೆಂಗಸರು ಹೇಸಿಕೊಂಡು ನೋಡುತ್ತಾರೆ. ಅವನು ಹಾಸ್ಯಾಸ್ಪದವಾಗಿ ಕಾಣಬೇಕೆಂದೇ ರೈಮಿ ಹಾಗೆ ಮಾಡಿದ್ದಾರೆ. ಸಂಕೋಚವೇ ಅವನ ಗುಣವಾಗಿದ್ದ ಹುಡುಗ ಸಂಕೋಚ ಬಿಟ್ಟಾಗ ಎಷ್ಟು ಕೆಟ್ಟದಾಗಿ ಕಾಣುತ್ತಾನೆ! ಅಕ್ಕನ ಮಗ ಈ ವಿವರಣೆಗೆ ನಕ್ಕುಬಿಟ್ಟ. ಕುಣಿತ ಕೆಟ್ಟದ್ದೇ, ಆದರೆ ರೀಲ್ಸ್‌ಗೆ ಚೆನ್ನಾಗಿದೆ ಎಂದ.

ನಾಲ್ಕನೆಯ ಚಿತ್ರದ ಯೋಜನೆ ಇತ್ತು. 2010ರ ಜನವರಿಯಲ್ಲಿ ಕೈಬಿಟ್ಟರು. ರೈಮಿಯ ಮೂರೂ ಚಿತ್ರಗಳ ನಾಯಕನಟ ಟೋಬಿ ಮಗ್ವಾಯರ್ ಅದೇ ಪೀಟರ್ ಆಗಿ ಮತ್ತೆ ಕಾಣಿಸಿಕೊಂಡದ್ದು 2021ರ 'ನೋ ವೇ ಹೋಮ್' ಚಿತ್ರದಲ್ಲಿ, ನಡುವಯಸ್ಸಿನವನಾಗಿ, ಬೆನ್ನು ನೋವಿನ ಮಾತಾಡುತ್ತ. ಅವನು ಈಗ ಏನು ಕೆಲಸ ಮಾಡುತ್ತಾನೆ, ಎಲ್ಲಿ ವಾಸ ಎಂದು ಚಿತ್ರ ಹೇಳುವುದಿಲ್ಲ, ನನಗೆ ತಿಳಿಯಬೇಕಾಗಿದ್ದದ್ದು ಅದೇ. ಆದರೆ ಆ ಚಿತ್ರದ ಕೊನೆಯಲ್ಲಿ ಇನ್ನೊಂದು ನಡೆಯುತ್ತದೆ. ಸ್ಟಾರ್ಕ್‌ನ ನೆರಳಿನಲ್ಲಿ ಬೆಳೆದ ಟಾಮ್ ಹಾಲೆಂಡ್‌ನ ಪೀಟರ್ ಎಲ್ಲವನ್ನೂ ಕಳೆದುಕೊಳ್ಳುತ್ತಾನೆ. ಜಗತ್ತಿನಲ್ಲಿ ಯಾರಿಗೂ ಅವನ ನೆನಪಿಲ್ಲ. ಒಂದು ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ಸಣ್ಣ ಬಾಡಿಗೆ ಕೋಣೆಗೆ ಬರುತ್ತಾನೆ, ಬಾಡಿಗೆ ಒಂದನೇ ತಾರೀಖಿಗೆ ಬರಬೇಕೆಂದು ಮಾಲೀಕನಿಂದ ಹೇಳಿಸಿಕೊಳ್ಳುತ್ತಾನೆ, ಹೊಲಿಗೆ ಯಂತ್ರದಲ್ಲಿ ತನ್ನ ವೇಷ ತಾನೇ ಹೊಲಿದುಕೊಳ್ಳುತ್ತಾನೆ. ಕೋಟಿಗಟ್ಟಲೆ ಸುರಿದು ಅಷ್ಟು ಚಿತ್ರ ಮಾಡಿದವರೂ ಕೊನೆಗೆ ಅವನನ್ನು ತಂದು ಕೂರಿಸಿದ್ದು ರೈಮಿ ಬಿಟ್ಟು ಹೋದ ಕೋಣೆಯಲ್ಲಿಯೇ.

ಇದನ್ನು ನಾನು ಬಹಳ ಉತ್ಸಾಹದಿಂದ ಅಕ್ಕನ ಮಗನಿಗೆ ವಿವರಿಸುತ್ತಿದ್ದೆ. ಅವನು ಲ್ಯಾಪ್‌ಟಾಪಿನಲ್ಲಿ ಆ ದೃಶ್ಯವನ್ನು ಹಿಂದಕ್ಕೆ ಎಳೆದು ಕೋಣೆಯ ಕಿಟಕಿ, ಗೋಡೆ, ಮಂಚ ಎಲ್ಲವನ್ನೂ ಇನ್ನೊಮ್ಮೆ ನೋಡಿದ.

"ನ್ಯೂಯಾರ್ಕಿನಲ್ಲಿ ಇಷ್ಟು ಬೆಳಕಿರುವ ಕೋಣೆ, ಅದೂ ಒಬ್ಬನಿಗೇ. ಡಿಪಾಜಿಟ್ ಎಷ್ಟು ಕೇಳಿರಬಹುದು ಮಾಮಾ?" ಎಂದ.